ಬೆಚ್ಚಗಿದ್ದ ಗೊಬ್ಬರ

ನಿವೃತ್ತನಾದ ಮರುದಿನವೂ ಬೆಳಗಿನ ಜಾವವೇ ಎದ್ದು, ಸ್ನಾನ ಮುಗಿಸಿ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ನೆನಪಾಯಿತು, ಹತ್ತಬೇಕಾದ ಬಸ್ಸು ಇಲ್ಲ ಎಂದು. ಮೂವತ್ತೊಂದು ವರ್ಷ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಕೂಗುತ್ತ ಓಡಾಡಿದ ಕಂಡಕ್ಟರ್ ನಾನು. ಚಹಾ ಕುಡಿದದ್ದು ನಿಂತುಕೊಂಡು, ಉಂಡದ್ದು ನಿಂತುಕೊಂಡು. ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತರೂ ಮೊಣಕಾಲು ತಾನಾಗಿಯೇ ಅಲುಗಾಡತೊಡಗುತ್ತಿತ್ತು.

ನನ್ನ ಹೆಂಡತಿ ಊರಿನ ಪ್ರಾಥಮಿಕ ಶಾಲೆಯ ಟೀಚರು. ಅವಳ ನೌಕರಿ ಇನ್ನೂ ನಾಲ್ಕು ವರ್ಷ ಇತ್ತು. ಅವಳು ಬುತ್ತಿ ಕಟ್ಟಿಕೊಂಡು ಹೋದ ಮೇಲೆ ನಾನು ಲಿಂಗಸುಗೂರಿನ ಆ ಮನೆಯಲ್ಲಿ ಮುಂಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಮುಂಬಾಗಿಲಿಗೆ ನಡೆಯುತ್ತಿದ್ದೆ. ಒಂದು ಭಾನುವಾರ ಅವಳು ಅಕ್ಕಿ ಆರಿಸುತ್ತ ಕುಳಿತು ಇದನ್ನೆಲ್ಲ ನೋಡಿದಳು.

"ಮುಂಜಾನಿಂದ ನಡದದ್ದು ನೀಟ ರಸ್ತೆಕ್ಕ ನಡದಿದ್ರ ಇಷ್ಟೊತ್ತಿಗೆ ಮಸ್ಕಿ ಮುಟ್ಟತಿದ್ರಿ," ಎಂದಳು. ಮುಂದಿನ ಕೋಣೆಯ ಬುದ್ಧನ ಫೋಟೋದ ಕಡೆ ಕೈ ತೋರಿಸಿ, "ಅಲ್ನೋಡ್ರಿ, ಎಷ್ಟು ಸುಮ್ನ ಕುಂತಾರ. ಒಂದು ಗಳಿಗಿ ಕುಂತು ನೋಡ್ರಿ," ಎಂದೂ ಸೇರಿಸಿದಳು.

ಕುಳಿತು ನೋಡಿದೆ. ಆಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಗುದ್ದಲಿ ಹಿಡಿದೆ.

ಹಿತ್ತಲ ಆಚೆ ನಮ್ಮದೇ ಒಂದು ಖಾಲಿ ಸೈಟು ಇದೆ. ಮನೆ ಕಟ್ಟುವಾಗ ಉಳಿದ ಇಟ್ಟಂಗಿ ಚೂರು, ಗರಸು, ಸಿಮೆಂಟಿನ ಹೆಂಟೆ ಎಲ್ಲ ಅಲ್ಲಿಯೇ ಬಿದ್ದಿದ್ದವು. ಅದನ್ನೆಲ್ಲ ಆರಿಸಿ, ಅಗೆದು, ನಾಲ್ಕು ಮಡಿ ಮಾಡಿ ಮೆಂತೆ, ಕೊತ್ತಂಬರಿ, ಪುಂಡಿ, ಸಬ್ಬಸಿಗೆ ಹಾಕಿದೆ. ಹುಟ್ಟಿದ್ದೇನೋ ಹುಟ್ಟಿತು. ಬೆರಳುದ್ದ ಆಗಿ ಅಲ್ಲಿಗೇ ನಿಂತುಬಿಟ್ಟಿತು. ಗೊಬ್ಬರವಿಲ್ಲದ ನೆಲ. ನಮ್ಮ ಓಣಿಯಲ್ಲಿ ಮೊದಲು ಮನೆಗೆರಡು ಎಮ್ಮೆ ಇದ್ದವು. ಈಗ ಇಡೀ ಓಣಿಗೆ ಒಂದೇ ಎಮ್ಮೆ. ತಿಪ್ಪೆಗೊಬ್ಬರ ಎಲ್ಲಿಂದ ತರಲಿ?

ಆ ಪ್ರಶ್ನೆಯನ್ನು ನಾನು ಕೇಳಿದ್ದು ಮಸ್ಕಿ ಬಸ್ ನಿಲ್ದಾಣದ ಎದುರಿಗೆ ಸೊಪ್ಪು, ತಪ್ಪಲ ಪಲ್ಲೆ ಮಾರುವ ಅಕ್ಕನನ್ನು. ಸಂತೆಕಲ್ಲೂರಿನವಳು. ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಸ್ವಂತದ ಅರ್ಧ ಎಕರೆಯಲ್ಲಿ ಒಂದು ಬೋರ್ ಇಟ್ಟುಕೊಂಡು, ಸುತ್ತೆಲ್ಲ ಜೋಳ, ತೊಗರಿ ಇರುವ ಒಣ ಭೂಮಿಯ ನಡುವೆ ಬಾರಾ ತಿಂಗಳು ಪಲ್ಲೆ ಬೆಳೆಯುತ್ತಿದ್ದಳು. ಎಷ್ಟೋ ವರ್ಷ ನನ್ನ ಬಸ್ಸಿನಲ್ಲಿ ಗಂಟು ಹೊತ್ತು ಬಂದವಳು.

"ಗೊಬ್ಬರದ್ದು ನನಗೂ ಅದ ಚಿಂತಿ ಆಗೈತಿ ತಮ್ಮಾ," ಎಂದಳು. "ದನ ಎಲ್ಲಿ ಉಳದಾವ? ಟ್ರ್ಯಾಕ್ಟರ್ ಗಟ್ಟಲೆ ಮಂದಿ ಮೊದ್ಲ ಹೇಳಿಟ್ಟಿರ್ತಾರ."

ಆಕೆಯ ಪಕ್ಕದಲ್ಲಿ ಚೀಲದ ತುಂಬ ಪುಂಡಿಯ ದಂಟು, ಬಾಡಿದ ರಾಜಗಿರಿ, ಮೂಲಂಗಿಯ ಎಲೆ ಇತ್ತು. ಸಂಜೆ ಅದನ್ನು ಚರಂಡಿಯ ದಂಡೆಗೆ ಸುರಿದು ಹೋಗುವುದು ರೂಢಿ. ನನಗೆ ತಟ್ಟನೆ ಹೊಳೆಯಿತು. ಮೊಬೈಲಿನಲ್ಲಿ ಒಬ್ಬಾತ ಸೊಪ್ಪು, ಕಸ, ಹುಲ್ಲು ಒಟ್ಟಿ ನಲವತ್ತೈದು ದಿನದಲ್ಲಿ ಗೊಬ್ಬರ ಮಾಡಿ ತೋರಿಸಿದ್ದನ್ನು ನೋಡಿದ್ದೆ.

"ಅಕ್ಕಾ, ಇದನ್ನ ಚೆಲ್ಲಬ್ಯಾಡ. ನಾ ಒಯ್ತೀನಿ. ಗೊಬ್ಬರ ಮಾಡಿ ಅರ್ಧ ನಿನಗ ತಂದು ಕೊಡ್ತೀನಿ."

"ಕೊಡು. ರಂಜಾನ್ ಒಳಗ ಕೊಟ್ರ ಚಲೋ ಆಕ್ಕೈತಿ. ಕೊತ್ತಂಬ್ರಿ, ಪುದೀನಾಕ್ಕ ಅವಾಗ ಕೈ ಬಿಡುವಿರಂಗಿಲ್ಲ," ಎಂದಳು.

ಅಂದಿನಿಂದ ನನಗೆ ಮತ್ತೆ ಬಸ್ಸು ಸಿಕ್ಕಿತು. ದಿನ ಬಿಟ್ಟು ದಿನ ಮಸ್ಕಿಗೆ ಹೋಗುವುದು, ಎರಡು ಚೀಲ ತುಂಬಿಕೊಂಡು ಬರುವುದು. ಹಸಿ ತಪ್ಪಲಿನ ಚೀಲ ಒಂದು ಹೊತ್ತು ಇದ್ದರೆ ಸಾಕು, ನೀರು ಬಿಟ್ಟು ವಾಸನೆ ಹೊಡೆಯುತ್ತದೆ. ಒಮ್ಮೆ ಹೊಸದಾಗಿ ಬಂದ ಕಂಡಕ್ಟರ್ ಹುಡುಗಿ ಮೂಗಿಗೆ ಓಡ್ನಿ ಹಿಡಿದುಕೊಂಡು ನನ್ನೆದುರು ನಿಂತಳು.

"ಇದು ಯಾರದ್ರಿ ಲಗೇಜು?"

"ನಂದವ್ವ. ನಾನೂ ಇದ ಗಾಡಿ ಕಂಡಕ್ಟರ್ ಇದ್ದೆ. ಪಾಸ್ ಐತಿ."

"ಪಾಸು ನಿಮಗೈತ್ರಿ ಕಾಕಾ, ಕೊಳೆ ತಪ್ಪಲಕ್ಕಿಲ್ಲ," ಎಂದು ಲಗೇಜ್ ಟಿಕೆಟ್ ಹರಿದು ಕೈಗಿತ್ತಳು. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನಿಜವಾಗಿ ಹೇಳಬೇಕೆಂದರೆ, ಎಷ್ಟೋ ವಾರಗಳ ಮೇಲೆ ಅವತ್ತು ನಕ್ಕಿದ್ದೆ.

ಬರೀ ಹಸಿ ತಪ್ಪಲಾದರೆ ಕೊಳೆತು ಲೊಳಲೊಳ ಆಗುತ್ತದೆ. ನಡುನಡುವೆ ಒಣಗಿದ್ದು ಬೇಕು. ಹೆಂಡತಿಯ ಅಕ್ಕನನ್ನು ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಗೆ ಕೊಟ್ಟಿದ್ದಾರೆ. ಕಾಲುವೆ ನೀರಿನ ಊರು, ನೋಡಿದಲ್ಲೆಲ್ಲ ಭತ್ತ. ಡಿಸೆಂಬರಿನಲ್ಲಿ ಕಟಾವು ಮುಗಿದು ಗದ್ದೆಯ ತುಂಬ ಹುಲ್ಲು ಬಿದ್ದಿತ್ತು. ನಾನು ಮುಟ್ಟುವ ಹೊತ್ತಿಗೆ ಪಕ್ಕದ ಗದ್ದೆಗಳಲ್ಲಿ ಆಗಲೇ ಹೊಗೆ ಏಳುತ್ತಿತ್ತು. ನನ್ನ ಷಡ್ಡಕರ ಕೈಯಲ್ಲಿಯೂ ಕಡ್ಡಿಪೆಟ್ಟಿಗೆ ಇತ್ತು.

"ನಾವು ಸುಡಾಕತ್ತೀವಿ, ನೀವು ಹೊರಾಕ ಬಂದೀರಿ," ಎಂದು ನಕ್ಕು, ಕಡ್ಡಿಪೆಟ್ಟಿಗೆ ಕಿಸೆಗೆ ಇಟ್ಟುಕೊಂಡರು. ಅವರೇ ಒಂದು ಗೂಡ್ಸ್ ಆಟೋ ಗೊತ್ತು ಮಾಡಿ, ಹಗ್ಗ ಬಿಗಿದು ಹುಲ್ಲು ಕಟ್ಟಿಕೊಟ್ಟರು.

ಒಂದು ಪದರು ಹುಲ್ಲು, ಒಂದು ಪದರು ತಪ್ಪಲು, ಮೇಲೊಂದಿಷ್ಟು ಮಣ್ಣು, ಓಣಿಯ ಎಮ್ಮೆಯ ಸಗಣಿ ಕದಡಿದ ನೀರು. ಎದೆಮಟ್ಟ ಒಟ್ಟಿದೆ. ಮೂರನೆಯ ದಿನ ಬೆಳಿಗ್ಗೆ ಚಳಿಯಲ್ಲಿ ಹಿತ್ತಲಿಗೆ ಹೋದರೆ ಗುಡ್ಡೆಯಿಂದ ಹಬೆ ಏಳುತ್ತಿತ್ತು. ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಹಿಡಿದೆ. ಕೈ ಸುಟ್ಟಿತು. ಒಲೆಯಿಲ್ಲದೆ, ಬೆಂಕಿಯಿಲ್ಲದೆ ಕಸ ಕುದಿಯುತ್ತಿದೆ! ಹೆಂಡತಿಯನ್ನು ಕೂಗಿ ಕರೆದು ಅವಳ ಕೈಗೂ ಸರಳು ಮುಟ್ಟಿಸಿದೆ.

ಅಲ್ಲಿಂದ ನನ್ನ ತಪ್ಪು ಶುರುವಾಯಿತು. ವಾರಕ್ಕೊಮ್ಮೆ ತಿರುವಿಹಾಕಿದರೆ ಸಾಕಿದ್ದ ಗುಡ್ಡೆಯನ್ನು ನಾನು ದಿನವೂ ತಿರುವಿದೆ. ಕೆಲವು ದಿನ ಎರಡು ಸಲ. ಒಳಗೆ ಏನಾಗಿದೆ ಎಂದು ನೋಡದೆ ಇರಲು ಆಗುತ್ತಿರಲಿಲ್ಲ. ಊಟಕ್ಕೆ ಕುಳಿತವನು ನಡುವೆ ಎದ್ದು ಹೋಗಿ ಸರಳು ಚುಚ್ಚಿ ಬರುತ್ತಿದ್ದೆ. ತಿರುವಿದಷ್ಟೂ ಕಾವು ಹಾರಿಹೋಗುತ್ತಿತ್ತು. ಕಾವು ಇಳಿಯಿತೆಂದು ಗಾಬರಿಯಾಗಿ ನೀರು ಹಾಕುತ್ತಿದ್ದೆ. ನೀರು ಹೆಚ್ಚಾಯಿತೆಂದು ಮತ್ತೆ ತಿರುವುತ್ತಿದ್ದೆ.

"ಅನ್ನಕ್ಕಿಟ್ಟು ಗಳಿಗಿಗೊಮ್ಮೆ ಮುಚ್ಚಳ ತೆಗದ್ರ ಅಕ್ಕಿ ಬೇಯ್ತಾವೇನ್ರಿ?" ಎಂದು ಹೆಂಡತಿ ಕೇಳಿದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಲವತ್ತೈದು ದಿನವಾಯಿತು. ಮೇಲೆಲ್ಲ ಕಪ್ಪಗೆ ಕಾಣುತ್ತಿತ್ತು. ಒಳಗೆ ಕೈ ಹಾಕಿದರೆ ಭತ್ತದ ಹುಲ್ಲು ಇನ್ನೂ ಹಳದಿ ಎಳೆಯಾಗಿಯೇ ಸಿಗುತ್ತಿತ್ತು, ಮುರಿದರೆ ಚಟ್ ಎನ್ನುತ್ತಿತ್ತು. ನಾನು ಮರಳು ಸೋಸುವ ಜರಡಿ ತಂದು ಅಷ್ಟನ್ನೂ ಸೋಸಿದೆ. ಉದ್ದ ಎಳೆಗಳು ಮೇಲುಳಿದವು, ಕೆಳಗೆ ಬಿದ್ದದ್ದು ಥೇಟ್ ಗೊಬ್ಬರದ ಹಾಗೆಯೇ ಇತ್ತು. ಹನ್ನೆರಡು ಚೀಲ ಆಯಿತು. ಇನ್ನೊಂದಿಷ್ಟು ದಿನ ಇಡಬೇಕು ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಆದರೆ ರಂಜಾನ್ ಹತ್ತಿರ ಬರುತ್ತಿತ್ತು. ಅಕ್ಕನಿಗೆ ಮಾತು ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚಾಗಿ, ನಾನು ಮಾಡಿದ್ದನ್ನು ಯಾರಿಗಾದರೂ ತೋರಿಸಬೇಕೆಂಬ ಚಡಪಡಿಕೆ ನನ್ನದು.

ಅಕ್ಕನ ಪಾಲಿನ ಆರು ಚೀಲಗಳನ್ನು ಆಟೋದಲ್ಲಿ ಹೇರಿಕೊಂಡು ನಸುಕಿನಲ್ಲಿಯೇ ಸಂತೆಕಲ್ಲೂರಿಗೆ ಹೋದೆ. ಅಕ್ಕ ಹೊಲದಲ್ಲಿಯೇ ಇದ್ದಳು. ಮೊದಲ ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದಳು.

"ಇನ್ನಾ ಬೆಚ್ಚಗ ಐತೆಲ್ಲೋ ತಮ್ಮಾ?"

"ಮನಿ ಮುಂದ ಬಿಸಲಿಗಿಟ್ಟಿದ್ದೆ ಅಕ್ಕಾ, ಅದಕ್ಕ ಹಂಗಾಗೈತಿ. ಗೊಬ್ಬರ ಪೂರಾ ಆಗೈತಿ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಆಕೆ ನನ್ನ ಮುಖ ನೋಡಿದಳು. ಕೈ ಝಾಡಿಸಿಕೊಂಡು, "ಆಯ್ತಾಳು," ಎಂದಳು. ಅವತ್ತೇ ಕೊತ್ತಂಬರಿ, ಮೆಂತೆಯ ಆರು ಮಡಿಗೂ ಆ ಗೊಬ್ಬರ ಬಿತ್ತು. ನಾನು ಮನೆಗೆ ಬಂದು, ಉಳಿದದ್ದನ್ನು ನನ್ನ ಮಡಿಗಳಿಗೆ ಬೆರೆಸಿ ಬೀಜ ಹಾಕಿದೆ.

ಮೆಂತೆ ಮೂರನೆಯ ದಿನ ತಲೆ ಎತ್ತಿತು. ಎರಡೆರಡು ಎಲೆ ಬಿಟ್ಟಿತು. ಆಮೇಲೆ ಹಳದಿಗೆ ತಿರುಗಿತು. ಮೊದಲು ಅಂಚು, ಆಮೇಲೆ ಪೂರ್ತಿ ಎಲೆ. ಕೊತ್ತಂಬರಿ ಅಲ್ಲೊಂದು ಇಲ್ಲೊಂದು ಹುಟ್ಟಿ, ಹುಟ್ಟಿದ್ದೂ ಜ್ವರ ಬಂದ ಮಗುವಿನ ಹಾಗೆ ಮಲಗಿತು. ನೀರು ಕಡಿಮೆಯಾಯಿತೇನೋ ಎಂದು ನೀರು ಹಾಕಿದೆ. ಹೆಚ್ಚಾಯಿತೇನೋ ಎಂದು ಬಿಟ್ಟೆ. ಒಂದು ಮಧ್ಯಾಹ್ನ ಮಡಿಯ ಮಣ್ಣನ್ನು ಕೆದಕಿದರೆ ಸಣ್ಣ ಸಣ್ಣ ಹುಲ್ಲಿನ ಚೂರಿನ ಮೇಲೆ ಬಿಳಿ ಬೂಸಲು ಹಬ್ಬಿತ್ತು. ಗೊಬ್ಬರ ಇನ್ನೂ ಗೊಬ್ಬರವಾಗಿರಲಿಲ್ಲ. ಅಲ್ಲಿ, ನನ್ನ ಮಡಿಯೊಳಗೆ, ಈಗ ಕೊಳೆಯುತ್ತಿತ್ತು.

ನನ್ನದು ಬಿಡಿ, ನಾಲ್ಕು ಮಡಿ ಹೋದರೆ ಹೋಯಿತು. ಸಂತೆಕಲ್ಲೂರಿನ ಆರು ಮಡಿ?

ಮರುದಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಇಳಿದರೆ ನಿಲ್ದಾಣದ ಎದುರು ಅಕ್ಕ ಕೂರುವ ಜಾಗ ಖಾಲಿ ಇತ್ತು. ಆಚೆ ಟಂಟಂ ಆಟೋದವರು "ಸಂತೆಕಲ್ಲೂರು, ಸಂತೆಕಲ್ಲೂರು" ಎಂದು ಕರೆಯುತ್ತಿದ್ದರು. ಒಂದು ಟಂಟಂನ ತನಕ ಹೋದೆ, ಸೀಟಿನ ಮೇಲೆ ಕೈಯನ್ನೂ ಇಟ್ಟೆ. ತಿರುಗಿ ಬಂದು ಸಿಂಧನೂರಿನ ಬಸ್ಸು ಹತ್ತಿದೆ. ಸಿಂಧನೂರಿನಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿದು, ಅದೇ ಬಸ್ಸಿಗೆ ಮರಳಿ ಬಂದೆ. ಮರುದಿನವೂ ಹಾಗೆಯೇ. ಅದರ ಮರುದಿನವೂ. ಹಳೆಯ ಡ್ರೈವರೊಬ್ಬ, "ಏನ್ರೀ, ಮತ್ತ ಡ್ಯೂಟಿ ಮ್ಯಾಲ ಬಂದೀರೇನು?" ಎಂದು ಚೇಷ್ಟೆ ಮಾಡಿದ. ಕಿಟಕಿಯ ಹೊರಗೆ ಒಣ ಹೊಲ ಮುಗಿದು ಹಸಿರು ಗದ್ದೆ ಬರುವುದು, ಹಸಿರು ಮುಗಿದು ಮತ್ತೆ ಒಣ ಹೊಲ ಬರುವುದು, ಇಷ್ಟನ್ನೇ ನೋಡುತ್ತ ಕೂತೆ. ಮೂವತ್ತೊಂದು ವರ್ಷದಲ್ಲಿ ಆ ದಾರಿ ಅಷ್ಟು ಉದ್ದ ಎಂದೂ ಅನಿಸಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಡತಿ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ಎಲ್ಲಿಗೆ ಹೋಗಿ ಬರಾಕತ್ತೀರಿ ದಿನಾ?"

ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು, ಕೊಡೆ ಬಗಲಿಗೆ ಹಾಕಿಕೊಂಡು, ಆಮೇಲೆ ಹೇಳಿದಳು: "ನಮ್ಮ ಸಾಲ್ಯಾಗ ಹುಡುಗ್ರು ಪಾಟಿ ಒಡದು ಬೆನ್ನ ಹಿಂದ ಮುಚ್ಚಿಟ್ಕೊಂಡು ನಿಂತಿರ್ತಾವ. ಥೇಟ್ ಹಂಗ ನಿಂತೀರಿ. ಹೋಗಿ ಹೇಳಿ ಬರ್ರಿ."

ಅವತ್ತು ಮಸ್ಕಿಯಲ್ಲಿ ಇಳಿದವನು ನೇರ ಟಂಟಂ ಹತ್ತಿದೆ.

ಅಕ್ಕ ಮಡಿಯ ನಡುವೆ ಕುಕ್ಕರಗಾಲಲ್ಲಿ ಕುಳಿತು ಹಳದಿ ಕೊತ್ತಂಬರಿ ಕೀಳುತ್ತಿದ್ದಳು. ನಾನು ಬಂದದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಬದುವಿನ ಉದ್ದಕ್ಕೂ ಗೊಬ್ಬರ ಬೀಳದ ಕಡೆ ಪುದೀನಾ ಹಸಿರಾಗಿತ್ತು. ಅದರ ಪಕ್ಕದಲ್ಲಿ ಆರು ಮಡಿ, ನನ್ನ ಮನೆಯ ಮಡಿಗಳ ಹಾಗೆಯೇ.

"ಅಕ್ಕಾ," ಎಂದೆ, ನಿಂತೇ. "ಅವತ್ತು ನಾ ಸುಳ್ಳು ಹೇಳಿದೆ. ಚೀಲ ಬಿಸಲಿಗಿಟ್ಟಿದ್ದಿಲ್ಲ. ಗೊಬ್ಬರ ಇನ್ನಾ ಆಗಿದ್ದಿಲ್ಲ."

"ಗೊತ್ತೈತಿ," ಎಂದಳು. "ನೀ ಬಂದಾಗ ಹೊತ್ತ ಹುಟ್ಟಿದ್ದಿಲ್ಲ. ಎಲ್ಲಿ ಬಿಸಲು?"

"ಗೊತ್ತಿದ್ದು ಯಾಕ ಹಾಕಿದಿ ಮತ್ತ?"

ಆಕೆ ಈಗ ಕೈ ನಿಲ್ಲಿಸಿದಳು. "ಕೈ ಹೇಳಿತು ಬ್ಯಾಡ ಅಂತ. ಆದ್ರ ಇಷ್ಟು ವರ್ಷ ನಿನ್ನ ಗಾಡ್ಯಾಗ ಅಡ್ಡಾಡೀನಿ. ಒಂದಿನಾ ನನಗ ಚಿಲ್ರಿ ತಪ್ಪಿಸಿದಾವಲ್ಲ. ಕೈಕಿಂತ ನಿನ್ನ ಮಾತು ದೊಡ್ಡದು ಅಂತ ತಿಳಕೊಂಡೆ. ನನಗೂ ಅವಸರ ಇತ್ತು, ಅದನ್ನೂ ಹೇಳ್ತೀನಿ. ಬರೇ ನಿಂದ ತಪ್ಪಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ಆಗಿರುವ ನಷ್ಟ ಎಷ್ಟಿದ್ದರೂ ಕೊಡುತ್ತೇನೆ ಎಂದೆ. ಆಕೆಗೆ ಸಿಟ್ಟು ಬಂದದ್ದು ಆಗಲೇ.

"ರೊಕ್ಕ ಒಯ್ದು ಮಸ್ಕ್ಯಾಗ ಕೊತ್ತಂಬ್ರಿ ಅಂತ ಮಾರ್ಲೇನು? ರಂಜಾನ್ ಬಂತಂದ್ರ ನನ್ನ ಕೊತ್ತಂಬ್ರಿ ಬೇಕಂತ ಕೇಳ್ಕೊಂತ ಬರೋ ಮನಿ ಅದಾವ. ಈ ವರ್ಷ ಅವ್ರು ಬ್ಯಾರೆ ಕಡೆ ಹೋಗ್ತಾರ. ಅವ್ರಿಗೇನು ನಿನ್ನ ರೊಕ್ಕ ತೋರ್ಸ್ಲಿ?"

ನಾನು ತಲೆ ತಗ್ಗಿಸಿ ನಿಂತೆ. ಆಕೆಯೇ, "ನಿಂತು ಏನ್ ಮಾಡ್ತಿ? ಆ ಮಡಿ ಹಿಡಿ," ಎಂದಳು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಕುಳಿತೆ.

ಅಂದಿನಿಂದ ವಾರಕ್ಕೆ ಮೂರು ದಿನ ಸಂತೆಕಲ್ಲೂರಿಗೆ ಹೋದೆ. ಯಾರೂ ಬಾ ಎಂದಿರಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಸತ್ತ ಸಸಿ ಕಿತ್ತು ತೆಗೆದೆವು. ಮಡಿಗಳನ್ನು ಸಡಿಲ ಮಾಡಿ, ಸಗಣಿ ನೀರು, ಗಂಜಲ ಹಾಕಿ, ನೀರು ಕಟ್ಟಿ, ಬೀಜ ಹಾಕದೆ ಬಿಟ್ಟೆವು. ನಾಳೆಯೇ ಬಿತ್ತೋಣ ಎಂದು ನಾನು ಎರಡು ಸಲ ಬಾಯಿ ತೆರೆದೆ.

"ಹಸಿ ಗೊಬ್ಬರ ತಾನ ಉಣ್ಣಾಕ ಕುಂತಿರ್ತೈತಿ," ಎಂದು ಆಕೆ ಬಿಡಿಸಿ ಹೇಳಿದಳು. "ನೆಲದಾಗ ಇದ್ದ ಸಾರ ಎಲ್ಲಾ ತಾನ ತಿಂತೈತಿ. ಅದರದು ಹೊಟ್ಟಿ ತುಂಬಿ, ತಣ್ಣಗಾಗಿ, ಮಣ್ಣಿನ ವಾಸ್ನಿ ಬಂದ ಮ್ಯಾಲ ಬೆಳಿಗೆ ಕೊಡ್ತೈತಿ. ಅಲ್ಲೀತನಾ ಸುಮ್ನಿರಬೇಕು."

ಸುಮ್ಮನಿರುವುದು ಹೇಗೆ ಎಂಬುದನ್ನು ಆಕೆ ಹೇಳಲಿಲ್ಲ. ಆಕೆಗೆ ಅದು ಹೇಳಿಕೊಡುವ ವಿಷಯ ಎಂದೂ ಅನಿಸಿರಲಿಕ್ಕಿಲ್ಲ. ನೀರು ಬಿಟ್ಟು, ಬೇವಿನ ನೆರಳಿಗೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು ಹೊಲ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಏಳುತ್ತಿದ್ದೆ, ಕುಳಿತು ಏಳುತ್ತಿದ್ದೆ. ಒಂದು ದಿನ ಆಕೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ, "ಗಾಡಿ ನಿಂತೈತಿ, ಇಂಜಿನ್ ಬಂದ್ ಮಾಡೋ ಮಾರಾಯಾ," ಎಂದಳು. ಇಬ್ಬರಿಗೂ ನಗು ಬಂತು. ತಪ್ಪೊಪ್ಪಿಕೊಂಡ ಮೇಲೆ ಆಕೆ ನನ್ನೊಡನೆ ನಕ್ಕದ್ದು ಅದೇ ಮೊದಲು.

ಬಿತ್ತುವ ಮೊದಲು ಆಕೆ ಒಂದು ಒಡಕು ಮಡಿಕೆಯಲ್ಲಿ ಮಡಿಯ ಮಣ್ಣು ತುಂಬಿ, ಹತ್ತಿಪ್ಪತ್ತು ಮೆಂತೆ ಕಾಳು ಹಾಕಿಟ್ಟಳು. ಮೆಂತೆ ಹುಟ್ಟಿ ವಾರದ ತನಕ ಹಸಿರಾಗಿ ಉಳಿದರೆ ನೆಲ ತಯಾರಾಗಿದೆ ಎಂದರ್ಥ. ಮೊದಲ ಸಲ ಹಾಕಿದ್ದು ಹಳದಿಯಾಯಿತು. ಎರಡನೆಯ ಸಲದ್ದು ಹಸಿರಾಗಿ ನಿಂತಿತು. ಅಷ್ಟೊತ್ತಿಗೆ ರಂಜಾನ್ ಅರ್ಧ ಮುಗಿದಿತ್ತು. ಕೊತ್ತಂಬರಿ ಕೊಯ್ಲಿಗೆ ಬಂದದ್ದು ಹಬ್ಬ ಮುಗಿದ ಮೇಲೆ. ಆ ತಿಂಗಳು ಪೂರ್ತಿ ಅಕ್ಕ ಬದುವಿನ ಪುದೀನಾ ಒಂದನ್ನೇ ಮಸ್ಕಿಗೆ ಒಯ್ದು ಮಾರಿದಳು. ಗಂಟು ಎಷ್ಟು ಸಣ್ಣದಿತ್ತು ಎಂದರೆ, ನಾನು ಎತ್ತಿಕೊಡಲು ಹೋದರೆ, "ಇದಕ್ಕೇನು ಇಬ್ರು ಬೇಕು?" ಎಂದಳು.

ತಡವಾಗಿ ಬಂದ ಆ ಕೊತ್ತಂಬರಿ ಮಾತ್ರ ಚೆನ್ನಾಗಿಯೇ ಬಂತು. ದಂಟು ದಪ್ಪ, ಎಲೆ ಅಗಲ. ಕೊಯ್ಯುವಾಗ ಕೈಯೆಲ್ಲ ಘಮ್ ಎನ್ನುತ್ತಿತ್ತು. ಮಡಿಯೊಳಗಿನ ಹುಲ್ಲು ಆಗ ಗುರುತೇ ಸಿಗದ ಹಾಗೆ ಕರಗಿತ್ತು. ಕೇಳಿಕೊಂಡು ಬರುತ್ತಿದ್ದ ಮನೆಗಳವರು ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ.

ಈ ವರ್ಷ ನನ್ನ ಸೈಟಿನಲ್ಲಿ ಮತ್ತೆ ಗುಡ್ಡೆ ಒಟ್ಟಿದ್ದೇನೆ. ವಳಕಮದಿನ್ನಿಯಿಂದ ಹುಲ್ಲು ಬಂತು, ಮಸ್ಕಿಯಿಂದ ತಪ್ಪಲು. ತಿರುವುವುದು ಭಾನುವಾರ ಮಾತ್ರ, ಅದೂ ಹೆಂಡತಿ ಎದುರಿಗೆ ನಿಂತಿರುವಾಗ. ಉಳಿದ ದಿನ ಹಿತ್ತಲ ಬಾಗಿಲಿನ ತನಕ ಹೋಗಿ ತಿರುಗಿ ಬರುತ್ತೇನೆ. ಒಳಗೆ ಏನು ನಡೆದಿದೆಯೋ ಎಂದು ಜೀವ ಈಗಲೂ ಎಳೆಯುತ್ತದೆ. ಆ ಗುಣ ಹೋಗಿಲ್ಲ, ಹೋಗುವ ಹಾಗೂ ಕಾಣುವುದಿಲ್ಲ.

ಹೋದ ತಿಂಗಳು, ಈ ವರ್ಷದ ಮೊದಲ ಗುಡ್ಡೆಯಲ್ಲಿ ಪೂರ್ತಿ ಮಾಗಿದ ಎಂಟು ಚೀಲ ಗೊಬ್ಬರವನ್ನು ಸಂತೆಕಲ್ಲೂರಿಗೆ ಒಯ್ದೆ. ಅಕ್ಕ ಪ್ರತಿ ಚೀಲದ ಬಾಯಿ ಬಿಚ್ಚಿ, ಎಂಟಕ್ಕೂ ಕೈ ಇಳಿಸಿ ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಬದನೆಯ ಎರಡು ಸಾಲಿಗೆ ಹಾಕಿಸಿದಳು, ಮೆಣಸಿನ ಗಿಡಗಳ ಬುಡಕ್ಕೂ ಒಂದಿಷ್ಟು ಹಾಕಿಸಿದಳು. ಕೊತ್ತಂಬರಿಯ ಮಡಿಗಳಿಗೆ ತಾನೇ ಹೊಲದ ಮೂಲೆಯಲ್ಲಿ ಒಟ್ಟಿ ಮಾಗಿಸಿದ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ತಂದು ಚೆಲ್ಲಿದಳು. ನಾನು ಬುಟ್ಟಿ ಎತ್ತಿಕೊಡುತ್ತ ನಿಂತೆ. ನನ್ನದನ್ನು ಯಾಕೆ ಹಾಕಲಿಲ್ಲ ಎಂದು ಕೇಳಲಿಲ್ಲ.